ಹೆದೆ ಏನಂತು

ಲಕ್ಕಪ್ಪನ ಬಚ್ಚಲ ಹಂಡೆಯ ಒಲೆಯಲ್ಲಿ ಉರಿದಷ್ಟು ಬಿಲ್ಲು ಕುರುಕ್ಷೇತ್ರದಲ್ಲೂ ಮುರಿದಿರಲಿಕ್ಕಿಲ್ಲ ಎಂದು ಊರಿನಲ್ಲಿ ನಗುತ್ತಾರೆ. ನಗಲಿ ಬಿಡಿ, ನಗುವ ಬಾಯಿಗೇನು ಬಾಡಿಗೆಯೇ? ಹಾಗೆ ನಗುವವರಲ್ಲಿ ಒಬ್ಬನಾದರೂ ಬಾಚಿ ಹಿಡಿದು ಒಂದು ಗುದ್ದಲಿ ಕಾವು ಕೆತ್ತಿದವನಿಲ್ಲ.

ಅರಸೀಕೆರೆಯಿಂದ ಹಳೇಬೀಡಿಗೆ ಹೋಗುವ ದಾರಿಯಲ್ಲಿ, ಬಸ್ಸಿಳಿದು ಒಂದಿಷ್ಟು ಒಳಗೆ ನಡೆದರೆ ಅವನ ಊರು. ರಾಗಿ, ತೆಂಗು ಅವನ ಬದುಕು. ಅಟ್ಟದ ಮೇಲೆ ಕಾಯಿ ಒಣಹಾಕಿ, ಒಳಗೆ ಕೊಬ್ಬರಿ ಗುಡುಗುಡು ಅನ್ನುವ ತನಕ ಕಾದು, ಅರಸೀಕೆರೆ ಮಾರ್ಕೆಟ್ಟಿಗೆ ಹಾಕಿ ಬರುವ ರೈತ. ಬಿಲ್ಲು ಅವನ ಕಸುಬಲ್ಲ, ಅವನ ಅಣ್ಣ ದ್ಯಾವಪ್ಪನದು. ಹೆಂಡತಿ ತೀರಿಕೊಂಡ ಮೇಲೆ ದ್ಯಾವಪ್ಪ ತಮ್ಮನ ಮನೆಯಲ್ಲೇ ಇದ್ದ. ಜಗಲಿಯ ಮೇಲೆ ಅವನ ಮಂಚ.

ಆ ಊರಿನಲ್ಲಿ ವಿಜಯದಶಮಿಯ ಸಂಜೆ ರಂಗನಾಥಸ್ವಾಮಿ ಬನ್ನಿ ಮರದ ಹತ್ತಿರ ಬಂದು ನಿಲ್ಲುತ್ತಾನೆ. ಎದುರಿಗೆ ನೆಟ್ಟ ಬಾಳೆಗಿಡಕ್ಕೆ ಪಟೇಲರ ಮನೆಯವರು ಅಂಬು ಹೊಡೆಯಬೇಕು, ಹೊಡೆಯುವ ಬಿಲ್ಲು ಲಕ್ಕಪ್ಪನ ಮನೆತನದಿಂದ ಬರಬೇಕು. ಹೊಡೆದಾದ ಮೇಲೆ ಹೆದೆ ಕುಯ್ದು, ಬಿಲ್ಲಿಗೆ ಕಲ್ಲು ಕಟ್ಟಿ, ಹೊತ್ತು ಮುಳುಗುವುದರೊಳಗೆ ಕೆರೆಗೆ ಬಿಡಬೇಕು. ಅಂಬು ಬಿಟ್ಟ ಬಿಲ್ಲು ಮತ್ತೆ ಮನೆಯ ಜಗಲಿ ಹತ್ತುವಂತಿಲ್ಲ. ಹಾಗಾಗಿ ಅಷ್ಟು ತಲೆಮಾರು ಬಿಲ್ಲು ಮಾಡಿದ ಮನೆಯಲ್ಲಿ ಒಂದೇ ಒಂದು ಹಳೆ ಬಿಲ್ಲಿಲ್ಲ. ನೋಡಿ ಕಲಿಯೋಣವೆಂದರೆ ಎಲ್ಲವೂ ಕೆರೆಯ ಹೂಳಿನಲ್ಲಿದೆ. ಉಳಿದದ್ದು ದ್ಯಾವಪ್ಪನ ಕೈಯಲ್ಲಿದ್ದ ಕಸುಬೊಂದೇ.

ಸಕ್ಕರೆ ಕಾಯಿಲೆ ದ್ಯಾವಪ್ಪನ ಕಣ್ಣು ತಿಂದಿತು. ಅವನು ಕೊನೆಯ ಬಿಲ್ಲು ಮಾಡಿದ ವರ್ಷ, ಬನ್ನಿ ಮರದ ಕೆಳಗೆ, ಮುಂದೆ ಯಾರಪ್ಪ ಎಂದು ಮಾತು ಬಂತು. ಐವತ್ತು ದಾಟಿದ ಲಕ್ಕಪ್ಪ ನಾನು ಮಾಡ್ತೀನಿ ಅಂದ. ದ್ಯಾವಪ್ಪ ನಕ್ಕ.

“ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇನ್ಲಾ ಲಕ್ಕ?”

ಸುತ್ತ ಇದ್ದವರೆಲ್ಲ ಗೊಳ್ಳೆಂದರು. ಅಣ್ಣನ ಮಾತಿನಲ್ಲಿ ವಿಷವಿರಲಿಲ್ಲ, ತಮ್ಮನನ್ನು ಚಿಕ್ಕಂದಿನಿಂದ ಹಾಗೇ ರೇಗಿಸಿಕೊಂಡು ಬಂದವನು. ಆದರೆ ಲಕ್ಕಪ್ಪನ ಮುಖ ಸುಟ್ಟ ಬದನೆಕಾಯಿಯಾಯಿತು. ಇವನ ಬಾಯಲ್ಲೇ ಭೇಷ್ ಅನ್ನಿಸಬೇಕು, ಆದರೆ ಸತ್ತರೂ ಇವನನ್ನು ಒಂದು ಮಾತು ಕೇಳಬಾರದು ಎಂದು ಅಲ್ಲೇ ಹಟ ಹಿಡಿದ. ಒಂದೇ ಸೂರಿನಡಿ ಗುರುವನ್ನಿಟ್ಟುಕೊಂಡು ಏಕಲವ್ಯನಾಗಲು ಹೊರಟ ಪುಣ್ಯಾತ್ಮ!

ಬಿಲ್ಲಿಗೆ ತಡಸಲು ಮರವೇ ಆಗಬೇಕು ಎಂದಷ್ಟು ಅವನಿಗೆ ಗೊತ್ತಿತ್ತು. ಅರೇಹಳ್ಳಿ ಕಡೆ ಕಾಫಿ ತೋಟದಲ್ಲಿ ಮೇಸ್ತ್ರಿಯಾಗಿದ್ದ ಭಾವಮೈದುನನಿಗೆ ಹೇಳಿ ಕೊಂಬೆ ತರಿಸಿದ. ಮರ ಸಿಕ್ಕಿತು, ಬಿಲ್ಲಿನ ಆಕಾರ ಹೇಗೆ? ಹಳೇಬೀಡಿಗೆ ಹೋಗಿ ದೇವಸ್ಥಾನದ ಗೋಡೆಯ ಮುಂದೆ ನಿಂತ. ಅಲ್ಲಿ ಬಿಲ್ಲಿಗೇನು ಬರವೇ? ರಾಮ, ಅರ್ಜುನ, ಕರ್ಣ, ಸಾಲುಸಾಲಾಗಿ ಎಳೆದು ನಿಂತಿದ್ದಾರೆ. ಗೇಣು ಹಾಕಿ ಅಳೆದ. ಮನೆಗೆ ಬಂದು ಅದೇ ಬಾಗಿಗೆ ಮರ ಕೆತ್ತಿದ. ಆ ಬಿಲ್ಲುಗಳು ಹೆದೆ ಎಳೆದಾಗ ಬಾಗಿದ ಬಿಲ್ಲುಗಳು, ಎಳೆಯುವ ಮುಂಚೆ ಹಾಗಿರುವುದಿಲ್ಲ ಎಂಬುದು ಅವನಿಗೆ ಹೊಳೆಯಲೇ ಇಲ್ಲ. ಎಳೆದ ಬಿಲ್ಲನ್ನು ಇನ್ನೂ ಎಳೆದರೆ ಏನಾದೀತು? ಲಟ್ಟೆಂದಿತು. ಕಲ್ಲಿನ ಬಿಲ್ಲು ಮುರಿಯುವುದಿಲ್ಲ, ಅದಕ್ಕೆ ಆ ಯೋಗ್ಯತೆ ಇದೆ.

ಆ ವರ್ಷ ಯುವಕ ಸಂಘದ ಉಮೇಶ ಅರಸೀಕೆರೆಯಲ್ಲಿ ನಾಟಕದ ಸಾಮಾನು ಬಾಡಿಗೆಗೆ ಕೊಡುವ ಅಂಗಡಿಯಿಂದ ಚಿನ್ನದ ಕಾಗದ ಸುತ್ತಿದ ಬಿಲ್ಲು ತಂದ. ಪಟೇಲರು ಎಳೆದು ಬಿಟ್ಟರೆ ಅಂಬು ಅವರ ಕಾಲ ಬುಡದಲ್ಲೇ ಬಿತ್ತು. ಮಕ್ಕಳು ಕೇಕೆ ಹಾಕಿದವು. ಕಲ್ಲಿನ ಮೇಲೆ ಕೂತಿದ್ದ ದ್ಯಾವಪ್ಪ ಏನಾಯ್ತು, ಏನಾಯ್ತು ಎಂದು ಎಲ್ಲರನ್ನೂ ಕೇಳಿದ. ಯಾರೂ ಹೇಳಲಿಲ್ಲ. ಲಕ್ಕಪ್ಪನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಮರುವರ್ಷ ಮರವನ್ನು ಬಿಸಿಲಲ್ಲಿ ಒಣಗಿಸಿದ. ಉದ್ದಕ್ಕೂ ಸೀಳು ಬಿಟ್ಟಿತು. ಅದರಾಚೆ ವರ್ಷ ಕೊಬ್ಬರಿ ಅಟ್ಟದ ಮೇಲೆ ನೆರಳಲ್ಲಿಟ್ಟು ಕಾದ. ಮರವೇನೋ ಹದವಾಗಿ ಒಣಗಿತು, ಆದರೆ ಕೊಂಬೆಯ ಅಂಕುಡೊಂಕು ಅವನ ಕಣ್ಣಿಗೆ ಹಿಡಿಸಲಿಲ್ಲ. ಕೀಸುಳಿ ಹಾಕಿ ನುಣ್ಣಗೆ, ನೆಟ್ಟಗೆ ಮಾಡಿದ. ನೋಡಲು ಏನು ಚೆಂದ! ಹೆದೆ ಕಟ್ಟಿ ಅರ್ಧ ಎಳೆಯುವುದರೊಳಗೆ ಲಟ್ಟ್. ಮತ್ತೊಂದು, ಇನ್ನೂ ನುಣ್ಣಗೆ. ಅದೂ ಲಟ್ಟ್. ಆ ವರ್ಷಗಳಲ್ಲೆಲ್ಲ ಶಾಸ್ತ್ರಕ್ಕೆ ಒಂದು ಬಿದಿರ ದಬ್ಬೆ ಬಗ್ಗಿಸಿ ಪಟೇಲರ ಕೈಗೆ ಕೊಟ್ಟು ತಲೆ ತಗ್ಗಿಸಿ ನಿಲ್ಲುತ್ತಿದ್ದ.

ಮುರಿದದ್ದನ್ನೆಲ್ಲ ಅವನು ಅಣ್ಣನ ಕೈಗೆ ಸಿಗದ ಹಾಗೆ ಒಯ್ದು ಹಂಡೆಯ ಒಲೆಗೆ ತುರುಕುತ್ತಿದ್ದ. ಮಾಡುವ ಕೆಲಸವೂ ಹಿತ್ತಿಲ ಹುಲ್ಲಿನ ಬಣವೆಯ ಆಚೆಗೆ, ಜಗಲಿಗೆ ಸದ್ದು ಕೇಳದಷ್ಟು ದೂರದಲ್ಲಿ. ಹೆಂಡತಿ ಲಲಿತಮ್ಮ ತಲೆ ತಲೆ ಚಚ್ಚಿಕೊಂಡಳು. ಭಾವನವರಿಗೆ ಕಣ್ಣು ಹೋದರೇನು, ಬೆರಳಿಲ್ಲವೇ, ಒಂದು ತುಂಡು ಕೈಗೆ ಕೊಟ್ಟು ಎಲ್ಲಿ ತಪ್ಪಿತು ಎಂದು ಕೇಳಬಾರದೇ ಅಂದಳು. ಲಕ್ಕಪ್ಪ ಅವಳನ್ನು ದುರುಗುಟ್ಟಿಕೊಂಡು ನೋಡಿ ಎದ್ದುಹೋದ. ಆ ಮನೆತನದ ಗಂಡಸರಿಗೆ ದೇವರು ಹಟ ಅಳೆದು ಕೊಡಲಿಲ್ಲ, ಸುರಿದುಬಿಟ್ಟ.

ಕೊನೆಗೆ ಹೊಳೆದದ್ದೂ ಆ ಒಲೆಯ ಮುಂದೆಯೇ. ಮುರಿದ ತುಂಡು ತುರುಕುತ್ತಾ ಅದನ್ನೇ ದಿಟ್ಟಿಸಿದ. ಮರದ ನಾರು ಬಾಗಿ ಹೋಗಿತ್ತು, ಕೀಸುಳಿ ನೆಟ್ಟಗೆ ಹೋಗಿತ್ತು. ನಾರು ಕಡಿದುಹೋದ ಜಾಗದಲ್ಲೇ ಬಿಲ್ಲು ಮುರಿದಿತ್ತು. ಹಿಂದಿನವೂ ಅಲ್ಲೇ ಮುರಿದಿದ್ದವು, ನೋಡುವ ವ್ಯವಧಾನ ಇವನಿಗಿರಲಿಲ್ಲ. ಅವನಿಗೆ ಅಣ್ಣನ ಬಿಲ್ಲುಗಳು ನೆನಪಾದವು. ಒಂದಾದರೂ ನೆಟ್ಟಗಿತ್ತೇ? ಹೊಲದ ಬದುವಿನ ಹಾಗೆ ಸೊಟ್ಟಸೊಟ್ಟಗೆ ಇರುತ್ತಿದ್ದವು. ಚಿಕ್ಕವನಿದ್ದಾಗ ಇವನೇ ಆಡಿಕೊಂಡು ನಕ್ಕಿದ್ದ.

ಆಮೇಲಿನ ಬಿಲ್ಲಿಗೆ ಕೀಸುಳಿ ಮುಟ್ಟಿಸಲಿಲ್ಲ. ನಾರು ಎತ್ತ ಹೋಯಿತೋ ಅತ್ತ ಗಾಜಿನ ಚೂರಿನಿಂದ ಕೆರೆಯುತ್ತಾ ಹೋದ. ಕತ್ತಾಳೆ ನಾರು ಹೊಸೆದು ಹೆದೆ ಮಾಡಿದ. ಸೊಟ್ಟ ಬಿಲ್ಲೊಂದು ಎದ್ದು ನಿಂತಿತು. ಹೆದೆ ಕಟ್ಟಿದ, ಮುರಿಯಲಿಲ್ಲ. ಪೂರ್ತಿ ಎಳೆದು ನೋಡುವ ಧೈರ್ಯ ಮಾತ್ರ ಬರಲಿಲ್ಲ.

ವಿಜಯದಶಮಿಯ ಬೆಳಿಗ್ಗೆ ದ್ಯಾವಪ್ಪ ಮಂಚದ ಮೇಲಿಂದ ಕೈ ಚಾಚಿದ. ತಮ್ಮನ ಬಿಲ್ಲೊಂದು ಈ ಸಲ ಮುರಿಯದೆ ಉಳಿದಿದೆ ಎಂದು ಅವನಿಗೆ ಅದು ಹೇಗೋ ತಿಳಿದಿತ್ತು.

“ಒಂದ್ಸಲ ಕೈಗೆ ಕೊಡ್ಲಾ, ಸವರಿ ನೋಡ್ತೀನಿ.”

ಲಕ್ಕಪ್ಪ ಹಿಂಜರಿದ. ಈಗ ಕೊಟ್ಟು, ಅಣ್ಣ ಭೇಷ್ ಅಂದು, ಸಂಜೆ ಅದು ಎಲ್ಲರೆದುರು ಮುರಿದರೆ? ಅಂಬು ಹೊಡೀಲಿ, ಆಮ್ಯಾಕೆ ಕೆರೆ ತಾವ ಕೊಡ್ತೀನಿ ಅಂದುಬಿಟ್ಟ. ದ್ಯಾವಪ್ಪ ಸರಿ ಅಂದ. ಅವನನ್ನು ಕರೆತರಲು ಊರಿನ ರಘುವಿನ ಆಟೋ ಗೊತ್ತು ಮಾಡಿದ್ದೂ ಆಗಿತ್ತು.

ಮಧ್ಯಾಹ್ನದ ಮೇಲೆ ದ್ಯಾವಪ್ಪನ ಕಾಲಿನ ಹಳೆ ಹುಣ್ಣು ಒಡೆಯಿತು. ಲಲಿತಮ್ಮ ಬಟ್ಟೆ ಕಟ್ಟುತ್ತಾ ಕೂತಳು. ಆಟೋ ಬಂದರೂ ಕಾಲು ನೆಲಕ್ಕೆ ಊರಲಾಗಲಿಲ್ಲ. ಇತ್ತ ಬನ್ನಿ ಮರದ ಹತ್ತಿರ ಪಟೇಲರು ಬಿಲ್ಲು ಎತ್ತಿದರು. ಲಕ್ಕಪ್ಪ ಹಲ್ಲು ಕಚ್ಚಿ, ಕಣ್ಣು ಮುಚ್ಚಿ, ಆ ಲಟ್ಟ್ ಸದ್ದಿಗಾಗಿ ಮೈಯೆಲ್ಲ ಬಿಗಿಹಿಡಿದು ನಿಂತ. ಕಣ್ಣು ಬಿಟ್ಟಾಗ ಅಂಬು ಬಾಳೆಗಿಡದ ನಟ್ಟನಡುವೆ ನಾಟಿತ್ತು. ಜನ ಗೋವಿಂದಾ ಗೋವಿಂದ ಅನ್ನುತ್ತಿದ್ದರು.

ಬಿಲ್ಲು ಹಿಡಿದು ಕೆರೆ ಏರಿಯ ಮೇಲೆ ನಿಂತವನು ರಸ್ತೆ ನೋಡಿದ್ದೇ ನೋಡಿದ್ದು. ರಘು ಖಾಲಿ ಆಟೋದಲ್ಲಿ ಬಂದು ವಿಷಯ ಹೇಳಿದ. ಹೊತ್ತು ಇಳಿಯುತ್ತಿತ್ತು. ಬಿಲ್ಲು ಮನೆಗೆ ಒಯ್ಯುವಂತಿಲ್ಲ, ಅಣ್ಣ ಇಲ್ಲಿಗೆ ಬರುವಂತಿಲ್ಲ. ಅರ್ಚಕ ರಾಮಾನುಜ ಅವನ ಸಂಕಟ ಕಂಡು ಹತ್ತಿರ ಬಂದರು.

“ಬಿಡಿ ಲಕ್ಕಪ್ಪನವರೇ. ಕೈಗೂಡಿತಲ್ಲ, ಮುಂದಿನ ವರ್ಷ ಇನ್ನೊಂದು ಮಾಡ್ತೀರಿ.”

ಲಕ್ಕಪ್ಪ ಹೆದೆ ಕುಯ್ದ. ಕಲ್ಲು ಕಟ್ಟಿದ. ಬಿಟ್ಟ.

ಮನೆಗೆ ಬಂದರೆ ದ್ಯಾವಪ್ಪ ಎಚ್ಚರವಾಗಿ ಕಾಯುತ್ತಿದ್ದ. ಹೆಜ್ಜೆ ಸಪ್ಪಳಕ್ಕೇ ಕೈ ಚಾಚಿದ. ಕೆರೆಗೆ ಬುಟ್ಟೆ ಕಣಣ್ಣ ಎಂದು ಲಕ್ಕಪ್ಪ ಹೇಳಿದ ಮೇಲೆ ಆ ಕೈ ಮೆಲ್ಲಗೆ ಹೊದಿಕೆಯೊಳಗೆ ಹೋಯಿತು. ಬೆಳಿಗ್ಗೆಯೇ ಕೊಡಬಹುದಿತ್ತು.

“ಹೋಗ್ಲಿ. ಹೆದೆ ಏನಂತು?”

ಅಷ್ಟು ವರ್ಷ ಮುರಿಯುವ ಸದ್ದು ಕೇಳಿ ಕೇಳಿ ಲಕ್ಕಪ್ಪನ ಕಿವಿ ಅದೊಂದಕ್ಕೇ ಕಾದಿತ್ತು. ಮುರಿಯದ ಬಿಲ್ಲಿನ ಸದ್ದು ಪಕ್ಕದಲ್ಲೇ ಹಾದು ಹೋಗಿತ್ತು. ಕೇಳಿಸ್ಕೊಳ್ಲಿಲ್ಲ ಕಣಣ್ಣ ಅಂದ.

“ಥೂ ನಿನ್ನ. ಬಿಲ್ಲು ಮುರೀದಿದ್ರೆ ಸಾಕೇನ್ಲಾ? ಅದು ಸರಿ ಐತೋ ಇಲ್ವೋ ಹೆದೆ ಹೇಳ್ತದೆ. ಬರೋ ವರ್ಸ ಕಿವಿ ಕೊಟ್ಟು ಕೇಳಿಸ್ಕೊಂಡ್ ಬಾ. ಆಮ್ಯಾಕೆ ನಾನು ಹೇಳ್ತೀನಿ.” ಆಮೇಲೆ ನಕ್ಕ. “ನಿನ್ ಬಿಲ್ಲು ಮುರಿದ್ ದಿನ ಸ್ನಾನದ ನೀರು ಚೆನ್ನಾಗ್ ಕಾಯ್ತಿತ್ತು. ತಡಸಲು ಹೊಗೆ ನನ್ ಮೂಗಿಗೆ ಗೊತ್ತಾಗಕಿಲ್ವಾ?”

ಮತ್ತೆ ಯಾಕೆ ಏನೂ ಹೇಳ್ಲಿಲ್ಲ ಎಂದು ಲಕ್ಕಪ್ಪ ಕೇಳಿದ.

“ನೀನು ಕೇಳ್ಲಿಲ್ವಲ್ಲ.”

ಆ ಹುಣ್ಣು ವಾಸಿಯಾಗಲಿಲ್ಲ. ಮಾಘದಲ್ಲಿ ದ್ಯಾವಪ್ಪ ತೀರಿಕೊಂಡ.

ಈ ಸಲದ ದಸರೆಗೂ ಲಕ್ಕಪ್ಪ ಬಿಲ್ಲು ಮಾಡಿದ. ಮೊದಲಿನದಕ್ಕಿಂತ ಸೊಟ್ಟ, ಮೊದಲಿನದಕ್ಕಿಂತ ಗಟ್ಟಿ. ಪಟೇಲರು ಎಳೆದಾಗ ಅವನು ಕಣ್ಣು ಮುಚ್ಚಲಿಲ್ಲ. ತಮಟೆಯವರಿಗೆ ಒಂದು ಗಳಿಗೆ ನಿಲ್ಲಿಸ್ರಪ್ಪ ಎಂದು ಮೊದಲೇ ಕೈಮುಗಿದಿದ್ದ. ಪಟೇಲರು ಹೆದೆ ಬಿಟ್ಟರು. ಒದ್ದೆ ಪಂಚೆಯನ್ನು ಒಮ್ಮೆ ಜೋರಾಗಿ ಕೊಡವಿದ ಹಾಗೆ ಒಂದು ಸದ್ದು, ಅದರ ಬಾಲಕ್ಕೆ ಸಣ್ಣಗೆ ಎಳೆದುಕೊಂಡು ಹೋದ ಒಂದು ಗುಂಯ್. ಅಂಬು ಬಾಳೆಗೆ ನಾಟಿತು. ಜನ ಅವನ ಬೆನ್ನು ತಟ್ಟಿದರು, ಭೇಷ್ ಲಕ್ಕಪ್ಪ ಅಂದರು. ಊರಿಗೆ ಊರೇ ಅಂದಿತು.

ಬಿಲ್ಲು ಕೆರೆಗೆ ಬಿಟ್ಟು, ಆ ಸದ್ದು ಎಲ್ಲಿ ಮರೆತುಹೋಗುತ್ತದೋ ಎಂದು ದಾರಿಯಲ್ಲಿ ಯಾರನ್ನೂ ಮಾತಾಡಿಸದೆ ಬಿರಬಿರನೆ ಮನೆಗೆ ಬಂದ. ಜಗಲಿ ಹತ್ತಿದ. ಮಂಚ ಎತ್ತಿ ಗೋಡೆಗೆ ಒರಗಿಸಿತ್ತು. ಲಲಿತಮ್ಮ ಬಂದು ಹೇಗಾಯಿತು ಎಂದು ಕೇಳಿದಳು. ಲಕ್ಕಪ್ಪ ಬಾಯಲ್ಲೇ ಆ ಸದ್ದು ಮಾಡಿ ತೋರಿಸಿದ, ಎರಡೆರಡು ಸಲ.

“ಹಿಂಗಂತು ಕಣೇ. ಸರಿ ಐತೋ ಇಲ್ವೋ?”

ಅವಳಿಗೇನು ಗೊತ್ತು? ನೀರು ಕಾದೈತೆ, ಸ್ನಾನ ಮಾಡಿ ಅಂದಳು.