ಜರ್ಮನ್ ರಾಜನ ಹತ್ತಿಯ ಕೂದಲು

ಮೊದಲ ಮಹಾಯುದ್ಧಕ್ಕೆ ಇನ್ನೂ ಒಂದೆರಡು ವರ್ಷವಿತ್ತು. ಪುಣೆಯ ಕಾಲೇಜಿನಲ್ಲಿ ಓದುತ್ತಿದ್ದ ಧಾರವಾಡ, ಬೆಳಗಾವಿ ಕಡೆಯ ನಾವು ವರ್ಷಕ್ಕೊಂದು ಕನ್ನಡ ನಾಟಕ ಆಡುತ್ತಿದ್ದೆವು. ಆ ವರ್ಷದ್ದನ್ನು ನಾನು ಬರೆದೆ.

ಕಥೆ ಲೈಬ್ರರಿಯ ಒಂದು ಇಂಗ್ಲಿಷ್ ಪುಸ್ತಕದ್ದು. ಹದಿನೆಂಟನೇ ಶತಮಾನದಲ್ಲಿ ಜರ್ಮನಿಯ ಪುಟ್ಟ ಸಂಸ್ಥಾನವೊಂದನ್ನು ಆಳಿದವನ ಜೀವನ. ತಂದೆ ಸಿಪಾಯಿಯಾಗಲಿ ಎಂದು ಬೆಳೆಸಿದ. ಅವನು ಕದ್ದು ಪಿಟೀಲು ಕಲಿತ. ಪಟ್ಟಕ್ಕೆ ಬಂದವನೇ ಕವಾಯತಿನ ಮೈದಾನದಲ್ಲಿ ನಾಟಕಶಾಲೆ ಕಟ್ಟಿಸಿದ. ಇಟಲಿಯಿಂದ ಗಾಯಕರನ್ನೂ ಚಿತ್ರಕಾರರನ್ನೂ ಕರೆಸಿದ. ವಾದಕರ ನಡುವೆ ತಾನೂ ಕೂತು ನುಡಿಸುತ್ತಿದ್ದ. ತಾಳ ತಪ್ಪಿದರೆ ಮೇಳದ ಯಜಮಾನ ಅವನನ್ನೂ ಗದರಬಹುದಿತ್ತು. ಬೊಕ್ಕಸ ಬರಿದಾದಾಗ ಮಂತ್ರಿಗಳು ಮೇಳವನ್ನು ಬಿಟ್ಟುಬಿಡಲು ಹೇಳಿದರು. ಅವನು ಬೇಟೆಯ ನಾಯಿಗಳನ್ನು ಬಿಟ್ಟ, ಕುದುರೆಗಳನ್ನು ಬಿಟ್ಟ, ವಾದಕರನ್ನು ಬಿಡಲಿಲ್ಲ. ಅವನು ಸತ್ತ ಮೇಲೆ ಮಗ ಅವರೆಲ್ಲರನ್ನೂ ಕಳಿಸಿಬಿಟ್ಟ.

ರಾಜನ ಪಾತ್ರ ನನ್ನ ಕೋಣೆಯ ಗೆಳೆಯನದು. ಆ ಕಾಲದ ರಾಜರು ಬಿಳಿಯ ಕೃತಕ ಕೂದಲು ಧರಿಸುತ್ತಿದ್ದರು. ನಾಟಕದ ವೇಷಭೂಷಣ ಬಾಡಿಗೆಗೆ ಕೊಡುವವನು, ಬಿಳಿಯದೇ ಬೇಕಿದ್ದರೆ ಋಷಿಯ ಜಟೆ ಒಯ್ಯಿರಿ ಎಂದು ಮರಾಠಿಯಲ್ಲಿ ನಕ್ಕ. ಕೊನೆಗೆ ನಾನೇ ಗಾದಿಯ ಹತ್ತಿಯನ್ನು ಸುರುಳಿ ಸುತ್ತಿ, ಸ್ಪಿರಿಟ್ಟಿನಲ್ಲಿ ಕರಗಿಸಿದ ರಾಳದಿಂದ ಬಟ್ಟೆಯ ಟೊಪ್ಪಿಗೆಗೆ ಅಂಟಿಸಿದೆ. ಚೆನ್ನಾಗಿ ಬಂದಿತ್ತು.

ಆಟ ಮಧ್ಯಾಹ್ನ. ಪರದೆ ಏಳುವ ಮೊದಲು ರಂಗಪೂಜೆ ಮಾಡುವುದು ರೂಢಿ. ಹಾರ್ಮೋನಿಯಂ ಬಾರಿಸುವ ಪೇಟಿ ಮಾಸ್ತರರು ಕರ್ಪೂರದ ಆರತಿ ತಂದರು.

“ಮಹಾರಾಜರು ಮೊದಲ ತಗೋಬೇಕ್ರಿ,” ಎಂದರು.

“ಜರ್ಮನ್ ರಾಜಾ ಆರತಿ ತಗೋತಾನೇನ್ರಿ ಮಾಸ್ತರ?” ಎಂದ ಗೆಳೆಯ.

“ಪುಣೇಕ ಬಂದ ಮ್ಯಾಲೆ ತಗೋಳಾಕಬೇಕು.”

ಅವನು ನಗುತ್ತಲೇ ಬಾಗಿ ಉರಿಯ ಮೇಲೆ ಎರಡೂ ಅಂಗೈ ಚಾಚಿದ. ಕಪಾಳದ ಮೇಲಿನ ಸುರುಳಿ ತಟ್ಟೆಗೆ ಜೋತುಬಿತ್ತು. ಹತ್ತಿ ಭಗ್ಗೆಂದಿತು. ಅವನು ಟೊಪ್ಪಿಗೆ ಕಿತ್ತುಕೊಳ್ಳಲು ನೋಡಿದ. ಅಂಟು ಹಣೆಗೂ ಹಿಡಿದಿತ್ತು.

ನಾನು ನಾಲ್ಕು ಹೆಜ್ಜೆ ದೂರದಲ್ಲಿದ್ದೆ. ಕೈಯಲ್ಲಿ ನಾಟಕದ ಹಸ್ತಪ್ರತಿ. ಕಾಲು ಏಳಲಿಲ್ಲ. ಮಾಸ್ತರರು ತಟ್ಟೆ ಎಸೆದು, ನೆಲದ ಜಮಖಾನೆ ಎಳೆದು ಅವನ ತಲೆಗೆ ಸುತ್ತಿ ಕೆಡವಿದರು. ಎಲ್ಲ ಸೇರಿ ನಾಲ್ಕೈದು ಉಸಿರಿನಷ್ಟು ಹೊತ್ತು. ಆ ನಾಲ್ಕು ಹೆಜ್ಜೆಗಳನ್ನು ಆಮೇಲೆ ಎಷ್ಟು ಸಲ ನಡೆದಿದ್ದೇನೋ ಲೆಕ್ಕವಿಲ್ಲ. ಪ್ರತಿ ಸಲವೂ ಸಮಯಕ್ಕೆ ತಲುಪುತ್ತೇನೆ.

ಆಸ್ಪತ್ರೆಯಲ್ಲಿ ಅವನ ಕಣ್ಣಿಗೆ ಪಟ್ಟಿ ಕಟ್ಟಿದರು. ಬಿಚ್ಚುವವರೆಗೆ ದೃಷ್ಟಿಯ ಮಾತು ಹೇಳಲಾಗದು ಎಂದರು ಡಾಕ್ಟರು. ನಾನು ದಿನವೂ ಹೋಗಿ ಪಾಠ ಓದಿ ಹೇಳಿದೆ. ಆ ಮಧ್ಯಾಹ್ನದ ವಿಷಯ ಇಬ್ಬರೂ ಎತ್ತಲಿಲ್ಲ.

ಎರಡು ವಾರದ ಮೇಲೆ ಪಟ್ಟಿ ಬಿಚ್ಚಿದರು. ಹುಬ್ಬು ಇರಲಿಲ್ಲ, ಒಂದು ಕಿವಿ ಮುದುಡಿತ್ತು.

“ಏನ ಕಾಣತದ?” ಎಂದೆ.

“ನಿನ್ನ ಮಾರಿ. ಪಟ್ಟಿ ಇದ್ದಾಗನ ಚೊಲೋ ಇತ್ತಲೇ.”

ಡಾಕ್ಟರು ನಕ್ಕು ಹೊರಗೆ ಹೋದರು. ಅವನು ಕಿಟಕಿಯ ಕಡೆ ತಿರುಗಿದ.

“ಬೆಂಕಿ ಹತ್ತಿದಾಗ ಕಡೀಕ ಕಂಡಾಂವ ನೀನ. ಹಾಳಿ ಹಿಡಕೊಂಡು ನಿಂತಿದ್ದಿ. ಯಾಕ ಬರಲಿಲ್ಲ?”

“ಗೊತ್ತಿಲ್ಲ,” ಎಂದೆ. ಅದು ಸುಳ್ಳಾಗಿರಲಿಲ್ಲ.

“ಹೋಗಲಿ. ನೀರ ಕೊಡು.”

ಲೋಟ ಚಾಚಿದೆ. ಅವನು ತಡಕಾಡದೆ, ನೋಡಿ ಹಿಡಿದುಕೊಂಡ.