ಚೆನ್ನವ್ವ ಎರೆದ ಕೂಸುಗಳು

ಗಡಹಿಂಗ್ಲಜದಲ್ಲಿ ಹೆರಿಗೆಯಾದ ಮನೆಯವರು ತೊಟ್ಟಿಲು ಹುಡುಕುವ ಮೊದಲು ಚೆನ್ನವ್ವನನ್ನು ಹುಡುಕುತ್ತಿದ್ದರು. ಮಣೆಯ ಮೇಲೆ ಕಾಲು ಚಾಚಿ ಕೂತು, ಕೂಸನ್ನು ಕಾಲ ಮೇಲೆ ಬೋರಲು ಮಲಗಿಸಿಕೊಂಡು, ಎಣ್ಣೆ ತಿಕ್ಕಿ ಬಿಸಿನೀರು ಎರೆಯುವುದರಲ್ಲಿ ಆಕೆಯ ಕೈಯೇ ಕೈ. ಗಂಡ ಸಾತಪ್ಪ ತೀರಿಕೊಂಡ ಮೇಲೆ ಈ ಕೆಲಸದಿಂದಲೇ ಮಗಳು ರುತುಜಾಳನ್ನು ಬೆಳೆಸಿದ್ದಳು. "ಚೆನ್ನವ್ವ ಎರದ ಕೂಸು ಕಲ್ಲಿನಂಗ ಗಟ್ಟಿ" ಎನ್ನುವುದು ಓಣಿಯ ಮಾತು. ಆ ಮಾತನ್ನು ಎಲ್ಲರಿಗಿಂತ ಹೆಚ್ಚು ನಂಬಿದವಳು ಆಕೆಯೇ.

ಇದ್ದೊಬ್ಬ ಮಗಳನ್ನು ಹೊರಗೆ ಕೊಡಲು ಮನಸ್ಸು ಒಪ್ಪಲಿಲ್ಲ. ಇಚಲಕರಂಜಿಯಲ್ಲಿದ್ದ ಅಣ್ಣ ಬಸಗೊಂಡನ ಮಗ ಸಿದ್ದಾರೂಢ ಪವರ್‌ಲೂಮಿನಲ್ಲಿ ದುಡಿಯುವ, ಮಾತು ಕಡಿಮೆಯ ಹುಡುಗ. "ಕರುಳಬಳ್ಳಿ ಕೂಡಿದ್ರ ಚಂದ" ಎಂದು ಚೆನ್ನವ್ವನೇ ಮುಂದೆ ನಿಂತು ಮದುವೆ ಮಾಡಿಸಿದಳು.

ಚೊಚ್ಚಲ ಹೆರಿಗೆಗೆ ರುತುಜಾ ತವರಿಗೆ ಬಂದಳು. ಹೆಣ್ಣು ಕೂಸು, ಮಯೂರಿ ಎಂದು ಹೆಸರಿಟ್ಟರು. ಮೂರು ವಾರ ಎಲ್ಲ ನೆಟ್ಟಗಿತ್ತು. ಆಮೇಲೆ ಕೂಸು ಎಷ್ಟು ಕುಡಿದರೂ ಬಾಯಿ ಬಿಡತೊಡಗಿತು. ಗಳಿಗೆಗೊಮ್ಮೆ ಅರಿವೆ ಒದ್ದೆ. "ಹಸದ ಕೂಸು, ಕುಡಿತದ, ಉಚ್ಚಿ ಹೊಯ್ತದ. ಇನ್ನೇನ ಬೇಕು?" ಎಂದು ಚೆನ್ನವ್ವ ಹೆಮ್ಮೆಪಟ್ಟಳು. ಒಂದು ಬೆಳಿಗ್ಗೆ ಹಿತ್ತಲಲ್ಲಿ ತೊಳೆಯಲು ಹಾಕಿದ್ದ ಅರಿವೆಗಳಿಗೆ ಇರುವೆ ಮುತ್ತಿದ್ದವು. ಆಕೆ ಕೊಡವಿ, ಬೈದು, ಸುತ್ತ ಅರಿಶಿನ ಉದುರಿಸಿ ಸುಮ್ಮನಾದಳು. ಮರುದಿನವೂ ಮುತ್ತಿದವು. ಮರುದಿನವೂ ಅರಿಶಿನ ಉದುರಿಸಿದಳು.

ಏಳನೇ ವಾರ ಕೂಸಿಗೆ ಏದುಸಿರು ಹತ್ತಿತು. ಊರ ಡಾಕ್ಟರರು ಎದೆಗೆ ಕಫ ಕಟ್ಟಿದೆ ಎಂದು ಕೊಲ್ಹಾಪುರಕ್ಕೆ ಬರೆದುಕೊಟ್ಟರು. ಗಾಡಿ ಕಾಗಲ ದಾಟುವ ಹೊತ್ತಿಗೆ, ಚೆನ್ನವ್ವನ ತೊಡೆಯ ಮೇಲೆಯೇ, ಆ ಉಸಿರು ನಿಂತಿತು.

ಮಣ್ಣು ಮಾಡಿ ಬಂದ ಮೂರನೇ ದಿನ ದುಃಖ ತಡೆಯಲಾರದೆ ಆಕೆಯ ಬಾಯಿಂದ ಮಾತು ಜಾರಿತು. "ಬಾಣಂತಿ ಇದ್ದಾಕಿ ಮೊಸರ ತಿನಬ್ಯಾಡ ಅಂದಿದ್ನಿ. ಕೇಳಲಿಲ್ಲ ನೀ. ಕೂಸಿಗೆ ಥಂಡಿ ಏರ್ತು."

ರುತುಜಾ ಬಟ್ಟೆಯ ಗಂಟು ಕಟ್ಟಿದಳು. ಗಂಡನೊಂದಿಗೆ ಇಚಲಕರಂಜಿಗೆ ಹೋದಳು.

ಮೂರು ವರ್ಷದ ಮೇಲೆ ಪ್ರಥಮೇಶ ಹುಟ್ಟಿದ. ಈ ಸಲ ಬಾಣಂತನ ಗಂಡನ ಮನೆಯಲ್ಲೇ. ಚೆನ್ನವ್ವ ಅಲ್ಲಿಗೆ ಬಂದಿದ್ದಳು. ಇಪ್ಪತ್ತೆರಡನೇ ದಿನ ಎರೆಯಲು ನೀರು ಕಾಯಿಸಿಟ್ಟು ಬಚ್ಚಲ ಮೂಲೆಯ ಅರಿವೆ ಎತ್ತಿಕೊಂಡಳು. ಕೈತುಂಬ ಇರುವೆ ಹರಿದವು. ಆಕೆ ಅರಿವೆಯನ್ನು ಅಲ್ಲೇ ಬಿಟ್ಟು ಹೊರಗೆ ಓಡಿದಳು. ಅಂಗಳದಿಂದಲೇ ಕೂಗಿದಳು: "ಸಿದ್ದು, ಗಾಡಿ ತಗಿ! ಕೊಲ್ಹಾಪುರಕ್ಕ ನಡಿ!"

"ಯಾಕ ಅತ್ತಿ, ಆರಾಮ ಅದಾನಲ್ಲಾ?"

"ಕೇಳಬ್ಯಾಡೋ, ನಡಿ."

ಕೊಲ್ಹಾಪುರದ ಆಸ್ಪತ್ರೆಯಲ್ಲಿ ಮಕ್ಕಳ ಡಾಕ್ಟರು ಮನಾಲಿ ಎಂಬವರು, ನಾಂದಣಿ ಎಂಬ ಊರಿನ ಕಡೆಯವರು, ಕನ್ನಡ ಬಲ್ಲವರು. ಚೆನ್ನವ್ವ ಅವರೊಬ್ಬರ ಕಿವಿಯಲ್ಲಿ ಇರುವೆಯ ಸಂಗತಿ ಹೇಳಿದಳು. ಅವರು ಕೂಡಲೇ ಕೂಸಿನ ಹಿಮ್ಮಡಿಯಿಂದ ಹನಿ ರಕ್ತ ತೆಗೆದರು. ಸಕ್ಕರೆ ಎಷ್ಟು ಏರಿತ್ತೆಂದರೆ ಅಳೆಯುವ ಯಂತ್ರ ಅಂಕಿಯನ್ನೇ ತೋರಿಸಲಿಲ್ಲ. ಆ ದಿನದಿಂದಲೇ ಇನ್ಸುಲಿನ್ ಸೂಜಿ ಶುರುವಾಯಿತು.

"ಇಷ್ಟ ಎಳೇ ಕೂಸಿಗೆ ಸಕ್ಕರಿ ಬ್ಯಾನಿ ಬರ್ತದೇನ್ರಿ?" ಸಿದ್ದಾರೂಢ ಕೇಳಿದ.

"ಅಪರೂಪಕ್ಕ ಬರ್ತದ. ಆರು ತಿಂಗಳ ಒಳಗ ಬಂತಂದ್ರ ಅದು ಬಹುಶಃ ಹುಟ್ಟಾ ಬಂದದ್ದು. ಅವ್ವ, ಅಪ್ಪ, ಕೂಸು, ಮೂರೂ ಮಂದಿ ರಕ್ತ ಜೀನ್ ತಪಾಸಣೆಗೆ ಕಳಸ್ತೀನಿ."

ವರದಿ ಬರಲು ಐದು ವಾರ ಹಿಡಿಯಿತು. ಡಾಕ್ಟರು ಎಲ್ಲರನ್ನೂ ಕೂರಿಸಿಕೊಂಡು ಬಿಡಿಸಿ ಹೇಳಿದರು. "ಜೀನಿನ್ಯಾಗ ಅವ್ವನ ಕಡಿಂದ ಒಂದು ತಪ್ಪು, ಅಪ್ಪನ ಕಡಿಂದ ಅದ ತಪ್ಪು. ರಕ್ತಸಂಬಂಧದ ಮದುವ್ಯಾಗ ಹಿಂಗ ಕೂಡೂದು ಹೆಚ್ಚು. ಒಂದೊಂದ ಇದ್ದದ್ದಕ್ಕ ನಿಮ್ಮಿಬ್ಬರಿಗೂ ಏನೂ ಆಗಿಲ್ಲ. ಕೂಸಿಗೆ ಎರಡೂ ಬಂದಾವು. ಇವನ ಮೈಯಾಗ ಇನ್ಸುಲಿನ್ ಅದ, ಹೊರಗ ಬರೂ ಬಾಗಲಾ ತೆರಿಯೂದಿಲ್ಲ. ಅದನ್ನ ತೆರಿಯೂ ಗುಳಿಗಿ ಅದಾವ. ಇಲ್ಲೇ ಇಟ್ಕೊಂಡು ಕೊಟ್ಟು ನೋಡೋಣು."

ಗುಳಿಗೆಯನ್ನು ನೀರಲ್ಲಿ ಕರಗಿಸಿ ಬಾಯಿಗೆ ಬಿಟ್ಟರು. ದಿನದಿಂದ ದಿನಕ್ಕೆ ಸಕ್ಕರೆ ಇಳಿಯಿತು. ಹತ್ತನೇ ದಿನ ಸೂಜಿ ನಿಂತಿತು. ಸಿದ್ದಾರೂಢ ಡಾಕ್ಟರರ ಕಾಲು ಮುಟ್ಟಲು ಬಗ್ಗಿದ. ರುತುಜಾ ಮಾತ್ರ ಗೋಡೆ ನೋಡುತ್ತ ಕೇಳಿದಳು.

"ನನ್ನ ಮೊದಲಿನ ಕೂಸಿಗೂ ಇದ ಆಗಿತ್ತೇನ್ರಿ?"

"ಅದರ ರಕ್ತ ಇಲ್ಲ, ಖಾತ್ರಿ ಹೇಳಾಕ ಬರೂದಿಲ್ಲ. ಆದ್ರ... ಇರಬೇಕವ್ವಾ."

"ಈ ಗುಳಿಗಿ ಕೊಟ್ಟಿದ್ರ ಉಳಿತಿತ್ತೇನ್ರಿ?"

ಡಾಕ್ಟರು ಹೇಳಿದರು: "ಸಕ್ಕರಿ ಅಂತ ಆವಾಗ ತಿಳಿದಿದ್ರ, ಉಳೀಬಹುದಿತ್ತು."

ಹೊರಗೆ ಆಸ್ಪತ್ರೆಯ ಕಟ್ಟೆಯ ಮೇಲೆ ಪ್ರಥಮೇಶ ಚೆನ್ನವ್ವನ ಮಡಿಲಲ್ಲಿ ನಿದ್ದೆ ಹೋಗಿದ್ದ. ಆಕೆ ಮಗಳ ಮುಖ ನೋಡದೆ ಹೇಳಿದಳು. "ಆಕಿ ಅರಿವಿಗೂ ಇರಿವಿ ಬಂದಿದ್ವು ರುತು. ನಾ ನೋಡಿದ್ನಿ. ಅರಿಶಿಣ ಹಾಕಿದ್ನಿ."

ರುತುಜಾ ಅಳುತ್ತಾಳೆ, ಬೈಯುತ್ತಾಳೆ ಎಂದು ಚೆನ್ನವ್ವ ಕಾದಳು. ಆಕೆ ಎರಡೂ ಮಾಡಲಿಲ್ಲ.

"ಮೂರು ವರ್ಷ ನಾ ಮೊಸರ ಮುಟ್ಟಿಲ್ಲವ್ವಾ," ಎಂದಳು. ಬಗ್ಗಿ ಕೂಸನ್ನು ಎತ್ತಿಕೊಂಡು ಒಳಗೆ ಹೋದಳು.

ಚೆನ್ನವ್ವ ಆ ಸಂಜೆಯೇ ಎಸ್‌ಟಿ ಬಸ್ಸು ಹತ್ತಿ ಗಡಹಿಂಗ್ಲಜಕ್ಕೆ ಮರಳಿದಳು. ಎರೆಯಲು ಕರೆಯಬಂದವರಿಗೆ "ಕೈ ನೋಯ್ತಾವ್ರಿ" ಎಂದು ಹೇಳಿ ಕಳಿಸತೊಡಗಿದಳು. ಮದುವೆ ಮಾಡಿಸಿದ್ದು ತಾನು, ಇರುವೆ ಕಂಡಿದ್ದು ತಾನು, ಮಗಳ ಮೇಲೆ ಹೊರೆ ಹೊರಿಸಿದ್ದು ತಾನು. ಯಾವುದಕ್ಕೆ ಮೊದಲು ಅಳಬೇಕೆಂದೇ ಆಕೆಗೆ ತಿಳಿಯಲಿಲ್ಲ. ಯಾರ ತಪ್ಪೂ ಅಲ್ಲ ಎಂದು ಡಾಕ್ಟರು ನಾಲ್ಕು ಸಲ ಹೇಳಿದ್ದರು. ಆ ಮಾತು ಕಿವಿಯಿಂದ ಕೆಳಗೆ ಇಳಿಯಲಿಲ್ಲ.

ಪ್ರಥಮೇಶನಿಗೆ ವರ್ಷ ತುಂಬಿದಾಗ ಸಿದ್ದಾರೂಢ ತಾನೇ ಬಂದು ಚೆನ್ನವ್ವನನ್ನು ಇಚಲಕರಂಜಿಗೆ ಕರೆದುಕೊಂಡು ಹೋದ. ಹುಡುಗ ಗೋಡೆ ಹಿಡಿದು ನಡೆಯುತ್ತಿದ್ದ. ಊಟ ಮುಗಿದು ನೆಂಟರು ಹೋದ ಮೇಲೆ ರುತುಜಾ ಬಂದು ತಾಯಿಯ ಎದುರು ಕೂತಳು. ಆಸ್ಪತ್ರೆಯ ಆ ದಿನದ ನಂತರ ಮೊದಲ ಸಲ ಆಕೆಯ ಕಣ್ಣಿಗೆ ಕಣ್ಣು ಕೊಟ್ಟಳು.

"ನಾ ಅಳ್ತೀನಂತ ಇವರು ಮಯೂರಿ ಫೋಟೋ ಎಲ್ಲಾ ಫೋನಿನ್ಯಾಗಿಂದ ತಗದ್ರು. ಆಕಿ ಮಾರಿ ಮರತೇನವ್ವಾ. ದಿನಾ ಎರೀತಿದ್ದಿ ನೀ. ಹೆಂಗಿದ್ಲು ಹೇಳು."

ಚೆನ್ನವ್ವ ತನ್ನ ಎರಡೂ ಅಂಗೈ ನೋಡಿಕೊಂಡಳು. ನಿಧಾನಕ್ಕೆ ಹೇಳಿದಳು: ಎಡಗಿವಿಯ ಹಿಂದೆ ಎಳ್ಳಿನಷ್ಟು ಮಚ್ಚೆ, ನೆತ್ತಿಯಲ್ಲಿ ಎರಡು ಸುಳಿ, ಸಾತಪ್ಪನಂಥ ಗದ್ದ, ಕಾಲ್ಬೆರಳು ಮಾತ್ರ ರುತುಜಾಳವೇ.

"ನಕ್ಕಿದ್ಲೇನು ಒಮ್ಮೆರ?"

"ಒಂದ ಸಲ. ನೀರ ಹಾಕುಮುಂದ, ನನ್ನ ನೋಡಿ." ಚೆನ್ನವ್ವ ಸೆರಗಿನಿಂದ ಅಂಗೈ ಒರೆಸಿಕೊಂಡಳು. "ನಿನಗ ಆಗ ನಿದ್ದಿ ಹತ್ತಿತ್ತು. ನಾಳಿ ಮತ್ತ ನಗ್ತಾಳಲ್ಲಾ ಅಂತ, ಎಬ್ಬಸಲಿಲ್ಲ."