ಬೂದಿ ಕೆದಕಿ ಬೆಕ್ಕಿನ ಜೀವ ಉಳಿಸುವ ಪುಟ್ಟತಾಯಮ್ಮ

ಬೆಳಗ್ಗೆ ಐದೂಮುಕ್ಕಾಲು. ಹೊಳೆನರಸೀಪುರದ ಹೊರಗಿನ ಅಕ್ಕಿ ಗಿರಣಿಯಲ್ಲಿ ಯಂತ್ರ ಇನ್ನೂ ಶುರುವಾಗಿಲ್ಲ. ಗೋದಾಮಿನ ಹಿಂದೆ, ಗೋಡೆಗುಂಟ ಹರಡಿದ ಹೊಟ್ಟಿನ ಬೂದಿಯ ಮುಂದೆ ಪುಟ್ಟತಾಯಮ್ಮ ಕುಕ್ಕರಗಾಲಲ್ಲಿ ಕೂತಿದ್ದಾರೆ. ಕೈಯಲ್ಲೊಂದು ತೆಂಗಿನ ಕಡ್ಡಿ. ಬೂದಿಯನ್ನು ಮೆಲ್ಲಗೆ ಕೆದಕಿ, ಒದ್ದೆಯಾಗಿ ಗಟ್ಟಿಯಾದ ಉಂಡೆಗಳನ್ನು ಒಂದೊಂದಾಗಿ ಎಣಿಸುತ್ತಾರೆ.

"ಇದು ಕೆಂಚಂದು. ನಿಂಬೆಹಣ್ಣಿನಷ್ಟದೆ, ಚೆನ್ನಾಗವ್ನೆ. ಇದು ಬಿಳಿಕಾಲಂದು. ಪರ್ವಾಗಿಲ್ಲ."

ಬೆಕ್ಕಿನ ಮೂತ್ರದ ಉಂಡೆ ಕಂಡು ಇಷ್ಟು ಸಂತೋಷಪಡುವವರನ್ನು ನಾನು ಜನ್ಮದಲ್ಲಿ ನೋಡಿಲ್ಲ. ಹಾಗೆ ನೋಡಿದರೆ ನಾನು ಬೆಕ್ಕು ಅಡ್ಡ ಬಂದರೆ ಮನೆಗೆ ವಾಪಸಾಗಿ ನೀರು ಕುಡಿದು ಹೊರಡುವ ಗಿರಾಕಿ. ಹಾಸನದ ಪಶುವೈದ್ಯೆ ಡಾ. ನಿಸರ್ಗ ಫೋನ್ ಮಾಡಿ, "ಒಂದು ಬೆಳಗ್ಗೆ ಹೋಗಿ ಆ ಅಮ್ಮನ್ನ ನೋಡಿ, ಆಮೇಲೆ ಮಾತಾಡಿ" ಎಂದು ಗದರದಿದ್ದರೆ ಇಲ್ಲಿಗೆ ಬರುತ್ತಲೇ ಇರಲಿಲ್ಲ.

ಪುಟ್ಟತಾಯಮ್ಮನಿಗೆ ಐವತ್ತೆಂಟು ವರ್ಷ. ತವರು ಅರಕಲಗೂಡು ತಾಲ್ಲೂಕಿನ ಮಲ್ಲಿಪಟ್ಟಣ. ಗಂಡ ತೀರಿಕೊಂಡ ವರ್ಷ ಪೊರಕೆ ಹಿಡಿದು ಈ ಗಿರಣಿಗೆ ಬಂದವರು, ಹತ್ತೊಂಬತ್ತು ವರ್ಷದಿಂದ ಗುಡಿಸುತ್ತಲೇ ಇದ್ದಾರೆ. ಅಕ್ಕಿಯ ಹತ್ತಿರ ಇಲಿಪಾಷಾಣ ಇಡುವಂತಿಲ್ಲವೆಂದು ಮಾಲೀಕ ರಂಗಸ್ವಾಮಿ ಬೆಕ್ಕುಗಳನ್ನು ಸಾಕಿದ್ದಾರೆ. ಈಗ ಹನ್ನೊಂದಿವೆ, ಅದರಲ್ಲಿ ನಾಲ್ಕು ಗಂಡು. ದಿನಾ ಸಂಜೆ ಆರು ಪುಟ್ಟಿ ಹೊಸ ಬೂದಿ ಹರಡುವುದು, ಐದು ಕಡೆ ನೀರಿಡುವುದು, ಬೆಳಗ್ಗೆ ಬೂದಿ ನೋಡುವುದು ಇವರೇ ಹಚ್ಚಿಕೊಂಡ ಕೆಲಸ. ಯಾರೂ ಹೇಳಿದ್ದಲ್ಲ.

"ಒಂದೊಂದಕ್ಕೂ ಒಂದೊಂದು ಜಾಗ ಸಾ. ನಾವು ಊಟಕ್ಕೆ ಕೂತ್ಕತೀವಲ್ಲ, ಅಂಗೆ. ಎಣ್ಣು ಬೆಕ್ಕಿಗೂ ಉರಿ ಬತ್ತದೆ, ರಕ್ತ ಓಯ್ತದೆ, ಅದನ್ನೂ ಡಾಕ್ಟ್ರಿಗೆ ತೋರಿಸ್ಬೇಕು. ಆದ್ರೆ ಗಂಡಿಂದೇ ನಂಗೆ ಭಯ. ಅದ್ರ ಉಚ್ಚೆ ದಾರಿ ಸಣ್ಣದು. ಮರಳಿನಂತ ಸಣ್ ಕಲ್ಲು ಸಿಕ್ಕಾಕ್ಕಂಡ್ರೆ ಮುಗೀತು."

ಮಾತು ಅಲ್ಲಿಗೇ ನಿಲ್ಲುತ್ತದೆ. ಗೋಡೆಯ ಮೂಲೆಯ ಬೂದಿಯಲ್ಲಿ ಉಂಡೆಯೇ ಇಲ್ಲ. ಕಡಲೆಕಾಳಿನಷ್ಟು ಐದು ಒದ್ದೆ ಚುಕ್ಕೆ ಮಾತ್ರ. ಅದು ಗುಂಡನ ಜಾಗ. ಪುಟ್ಟತಾಯಮ್ಮ ಕಡ್ಡಿ ಬಿಸಾಕಿ ಗೋದಾಮಿನೊಳಗೆ ಓಡುತ್ತಾರೆ. ಚೀಲಗಳ ಸಂದಿಯಲ್ಲಿ ಬೂದುಬಣ್ಣದ ದೊಡ್ಡ ಗಂಡುಬೆಕ್ಕು ಕುಕ್ಕರಿಸಿ ತಿಣುಕುತ್ತಿದೆ. ಒಂದು ಹನಿಯೂ ಬರುತ್ತಿಲ್ಲ. ಎದ್ದು, ನೆಕ್ಕಿಕೊಂಡು, ಮತ್ತೆ ಕುಕ್ಕರಿಸಿ ಕೂಗುತ್ತದೆ. ಬೆಕ್ಕಿಗೆ ಚೆಲ್ಲಾಟ ಇಲಿಗೆ ಪ್ರಾಣಸಂಕಟ ಅನ್ನುತ್ತೇವೆ, ಇಲ್ಲಿ ಪ್ರಾಣಸಂಕಟ ಬೆಕ್ಕಿನದೇ.

ಅಷ್ಟರಲ್ಲಿ ಬಂದ ರಂಗಸ್ವಾಮಿ ನೋಡಿದವರೇ ತೀರ್ಪು ಕೊಡುತ್ತಾರೆ. "ಒಟ್ಟೆ ಕಟ್ಟದೆ ಕಣವ್ವ. ಒಂದ್ ಚಮಚ ಅರಳೆಣ್ಣೆ ಕುಡ್ಸು. ಸಂಜೆ ಗಂಟ ನೋಡಾನ."

"ಒಟ್ಟೆ ಅಲ್ಲ, ಉಚ್ಚೆ ಕಟ್ಟಿರೋದು. ಸಂಜೆ ಗಂಟ ನೋಡುದ್ರೆ ನಾಳೆ ಮಣ್ಣು ಮಾಡ್ಬೇಕಾಯ್ತದೆ" ಎನ್ನುತ್ತಾ ಅವರು ಬುಟ್ಟಿಗೆ ಗೋಣಿ ಹಾಸುತ್ತಾರೆ. ಮಾಲೀಕರ ಮಾತಿಗೆ ಹೀಗೆ ಅಡ್ಡ ಹೇಳುವ ಕೆಲಸದವರನ್ನು ನಾನು ಹೆಚ್ಚು ಕಂಡಿಲ್ಲ. ರಂಗಸ್ವಾಮಿಯೇ ಗುಂಡನನ್ನು ಎತ್ತಿ ಬುಟ್ಟಿಯೊಳಗೆ ಕೂರಿಸುತ್ತಾರೆ.

ಬುಟ್ಟಿ ನನ್ನ ಕಾರಿಗೇರುತ್ತದೆ. ಮೊಸಳೆ ಹೊಸಹಳ್ಳಿ ದಾಟುವಾಗ ಗುಂಡ ವಾಂತಿ ಮಾಡುತ್ತದೆ. ಹೊಟ್ಟೆ ಅಮುಕಿದರೆ ಬರಬಹುದೇ ಎಂದು ನಾನು ಕೇಳಿದರೆ, "ಕೈ ಇಕ್ಬೇಡಿ ಸಾ, ಉಚ್ಚೆ ಚೀಲ ಒಡ್ದೋಯ್ತದೆ" ಅನ್ನುತ್ತಾರೆ.

ಕ್ಲಿನಿಕ್ಕಿನಲ್ಲಿ ಡಾ. ನಿಸರ್ಗ ಅರಿವಳಿಕೆ ಕೊಟ್ಟು, ಮೂತ್ರದ ದಾರಿಗೆ ಎಳೆಯಷ್ಟು ಸಣ್ಣ ಕೊಳವೆ ತೂರಿಸುತ್ತಾರೆ. ಅದು ಹೋಗುವುದಿಲ್ಲ. ಮತ್ತೆ ಪ್ರಯತ್ನ, ಮತ್ತೆ ಇಲ್ಲ. ನಾಲ್ಕನೆಯ ಸಲ ಏನೋ ಸಡಿಲವಾಗಿ, ಕೆಂಪುಬೆರೆತ ಮೂತ್ರ ಟ್ರೇಗೆ ಧಾರಾಕಾರ ಸುರಿಯುತ್ತದೆ. ಬೆಕ್ಕು ಕಂಡರೆ ಹಿಂದಿರುಗುವ ನನ್ನ ಕಣ್ಣಲ್ಲಿ ನೀರು.

"ಗಂಡುಬೆಕ್ಕು ತಿಣುಕ್ತಾ ಇದ್ದು ಮೂತ್ರ ಬರ್ತಿಲ್ಲ ಅಂದ್ರೆ ಒಂದು ಗಂಟೆನೂ ಕಾಯಬಾರದು" ಎನ್ನುತ್ತಾರೆ ಡಾಕ್ಟರ್. "ಒಂದೆರಡು ದಿನದಲ್ಲಿ ವಿಷ ರಕ್ತಕ್ಕೆ ಏರಿ ಎದೆಬಡಿತ ನಿಲ್ಲುತ್ತೆ. ಜನ ವಾಂತಿ ಶುರುವಾದ ಎಷ್ಟೋ ಹೊತ್ತಿನ ಮೇಲೆ ತರ್ತಾರೆ. ಈ ಅಮ್ಮ ಬೂದಿ ನೋಡಿದ ಬೆಳಗ್ಗೆಯೇ ತರ್ತಾರೆ. ಎರಡು ವರ್ಷದಲ್ಲಿ ಇವರು ತಂದಿದ್ದು, ಇವರ ಮಾತು ಕೇಳಿ ಬೇರೆಯವರು ತಂದಿದ್ದು ಸೇರಿ ಒಂಬತ್ತು. ಎಂಟು ಬದುಕಿವೆ."

ಕೊಣನೂರು, ಚನ್ನರಾಯಪಟ್ಟಣದಿಂದೆಲ್ಲ ಈಗ ಇವರಿಗೆ ಫೋನ್ ಬರುತ್ತದೆ. ಇವರು ಕೇಳುವುದು ಎರಡೇ ಪ್ರಶ್ನೆ: "ಗಂಡೋ ಎಣ್ಣೋ? ಕೊನೇ ಸಲ ಉಚ್ಚೆ ಉಯ್ದಿದ್ದು ಯಾವಾಗ?" ಓದು ಬರದ ಈ ಹೆಂಗಸಿನ ಮುಂದೆ ನಾನು ಪದವಿಗಳನ್ನು ಮಡಚಿ ಜೇಬಿಗಿಟ್ಟುಕೊಳ್ಳುತ್ತೇನೆ.

ಇದನ್ನೆಲ್ಲ ಯಾರು ಕಲಿಸಿದರು ಎಂದು ಹೊರಗಿನ ಬೆಂಚಿನ ಮೇಲೆ ಕೇಳುತ್ತೇನೆ. ಅವರು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾರೆ.

"ಇವೆಲ್ಲಕ್ಕೂ ಮೊದ್ಲು ಚೆಲುವ ಅಂತ ಒಂದು ಗಂಡುಬೆಕ್ಕಿತ್ತು ಸಾ. ನನ್ ತೊಡೆ ಮೇಲೇ ಬೆಳ್ದಿದ್ದು. ಇಂಗೇ ತಿಣುಕ್ತಿತ್ತು. ಒಟ್ಟೆ ಕಟ್ಟದೆ ಅಂತ ನಾನೇ ಬಾಯಿ ಅಗಲ್ಸಿ ಅರಳೆಣ್ಣೆ ಉಯ್ದೆ. ಒಂದಿನ ಕಾದೆ. ಇನ್ನೊಂದ್ ಸಲ ಉಯ್ದೆ. ಮಾರ್ನೆ ಬೆಳಿಗ್ಗೆ ಇಲ್ಲಿಗೆ ಎತ್ಕಂಡ್ ಬರೋವಷ್ಟ್ರಲ್ಲಿ ದಾರೀಲೇ ತಣ್ಣಗಾಯ್ತು. ಎಣ್ಣೆ ಉಯ್ದಾಗೆಲ್ಲ ನನ್ ಮುಖಾನೇ ನೋಡ್ತಿತ್ತು ಸಾ."

ಗುಂಡ ಮೂರು ದಿನ ಕ್ಲಿನಿಕ್ಕಿನಲ್ಲೇ ಇರಬೇಕು. ಪತ್ರಿಕೆಗೊಂದು ಫೋಟೋ ತೆಗೆಯಲೇ ಎಂದು ಕ್ಯಾಮೆರಾ ಎತ್ತಿದರೆ, ಪುಟ್ಟತಾಯಮ್ಮ ಅಂಗೈ ಅಡ್ಡ ಹಿಡಿಯುತ್ತಾರೆ.

"ಎಂಟು ಉಳಿಸ್ದೆ ಅಂತ ಬರೀಬೇಡಿ. ಒಂದಕ್ಕೆ ಎಣ್ಣೆ ಕುಡ್ಸಿ ಕೊಂದ್ಬುಟ್ಳು ಅಂತ ಬರೀರಿ. ನನ್ ಎಸ್ರು ಆಕ್ಬುಟ್ಟೇ ಬರೀರಿ. ಯಾರೋ ಒಬ್ರು ಓದಿ, ಚಮಚ ಕೆಳಗಿಟ್ಟು ಬಸ್ ಅತ್ತುದ್ರೆ ನಂಗಷ್ಟೇ ಸಾಕು."